ಸಭೆಯಲ್ಲಿ ಎಷ್ಟು ಜನ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾನನ್ನು ನಾವು ಬಲ್ಲದ್ದು ಹಿಂದೂಗಳ ಆಚಾರ ವ್ಯವಹಾರಗಳ ಬಗ್ಗೆ ಅವನ ಹೆಸರಿನಲ್ಲಿರುವ ದಪ್ಪ ಪುಸ್ತಕದಿಂದ. (ಆ ಪುಸ್ತಕದ ದೊಡ್ಡ ಭಾಗ ಅವನಿಗಿಂತ ಹಿಂದಿನ ಜೆಸ್ಯುಯಿಟ್ ಪಾದ್ರಿ ಕೇರ್ದೂನ ಬರಹದಿಂದ ಎತ್ತಿಕೊಂಡದ್ದು ಎಂದು ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಪಿಎಚ್‌ಡಿ ಬರೆಯುತ್ತಿರುವ ನನ್ನಂಥವರು ಇದನ್ನು ಆಗಾಗ ನೆನೆಯುವುದು ಒಳ್ಳೆಯದು.) ಆದರೆ ದುಬ್ವಾ ಇಲ್ಲಿಗೆ ಬಂದದ್ದು ಪುಸ್ತಕ ಬರೆಯಲಿಕ್ಕಲ್ಲ. ಚೆದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದೆಡೆ ಸೇರಿಸಲಿಕ್ಕೆ.

ಚೆದುರಿದ ಕಥೆ ಗೊತ್ತಿರುವಂಥದ್ದೇ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಎಷ್ಟು ಸಾವಿರ ಎಂಬ ಬಗ್ಗೆ ಇಂದಿಗೂ ಜಗಳವಿದೆ, ಯಾಕೆ ಎಂಬ ಬಗ್ಗೆ ಇನ್ನೂ ದೊಡ್ಡ ಜಗಳವಿದೆ. ಎರಡೂ ಇಲ್ಲಿ ಬೇಡ. ಸೆರೆಯಲ್ಲಿದ್ದ ಅನೇಕರನ್ನು ಬಲವಂತವಾಗಿ ಮತ ಬದಲಿಸಲಾಯಿತು. ಹದಿನೈದು ವರ್ಷಗಳ ನಂತರ ಬಾಗಿಲು ತೆರೆದಾಗ ಹೊರಬಂದವರಲ್ಲಿ ಬೇರೆ ಹೆಸರು ಹೊತ್ತವರಿದ್ದರು, ಬೇರೆ ಪ್ರಾರ್ಥನೆ ಕಲಿತವರಿದ್ದರು, ಹಳೆಯದು ನೆನಪೇ ಇಲ್ಲದ ಮಕ್ಕಳಿದ್ದರು. ಇವರನ್ನು ಮರಳಿ ಸೇರಿಸಿಕೊಳ್ಳುವುದು ಎಂದರೆ ಏನು? ಇವರು ಬಿಟ್ಟುಹೋದವರೋ, ಹೋಗಿಯೇ ಇರದವರೋ?

ಪ್ರಶ್ನೆ ಹಳೆಯದು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೆಸಿಯಸ್, ಪ್ರಜೆಗಳೆಲ್ಲ ರೋಮನ್ ದೇವತೆಗಳಿಗೆ ಬಲಿ ಅರ್ಪಿಸಿ ಅದಕ್ಕೊಂದು ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಪಪೈರಸ್ ಹಾಳೆಯ ಅಂಥ ಕೆಲವು ಪತ್ರಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಕೆಲವು ಕ್ರೈಸ್ತರು ಬಲಿ ಕೊಟ್ಟರು. ಕೆಲವರು ಬಲಿ ಕೊಡದೆ, ಅಧಿಕಾರಿಗೆ ಕೈಬೆಚ್ಚಗೆ ಮಾಡಿ ಪತ್ರ ಮಾತ್ರ ಪಡೆದರು. ಹಿಂಸೆ ತಣ್ಣಗಾದ ಮೇಲೆ ಎಲ್ಲರೂ ಚರ್ಚಿನ ಬಾಗಿಲಿಗೆ ಮರಳಿದರು. ರೋಮಿನ ನೊವೇಷಿಯನ್ ಇವರಿಗೆ ಕ್ಷಮೆಯಿಲ್ಲ ಎಂದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಪ್ರಾಯಶ್ಚಿತ್ತದ ನಂತರ ಸೇರಿಸಿಕೊಳ್ಳೋಣ ಎಂದ. ಪತ್ರ ಮಾತ್ರ ಪಡೆದವರನ್ನೂ ನಿಜವಾಗಿ ಬಲಿ ಕೊಟ್ಟವರನ್ನೂ ಅವನು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಅವನು ಸ್ವತಃ ಆ ಕಾಲದಲ್ಲಿ ತಲೆಮರೆಸಿಕೊಂಡಿದ್ದವನು, ಹಾಗಾಗಿ ಹೆದರಿದವರ ಮನಸ್ಸು ಅವನಿಗೆ ಗೊತ್ತಿತ್ತು ಅಂತ ನನ್ನ ಊಹೆ.

ದುಬ್ವಾನ ಮುಂದೆ ಇನ್ನೊಂದು ತೊಡಕೂ ಇತ್ತು, ಹೊಟ್ಟೆಯದು. ನೆಲೆ ತಪ್ಪಿದವರಿಗೆ ನೆಲ ಬೇಕು. ಅವನು ಹಾಸನದ ಕಡೆ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಮಾಡಿದ. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿ ಓಡಾಡಿದ, ಅದು ಎಲ್ಲ ಜಾತಿ ಮತದವರಿಗೂ. ದೇಸಿ ಉಡುಗೆ ತೊಟ್ಟು, ಮಾಂಸ ಬಿಟ್ಟು, ಜನರ ಬಾಯಲ್ಲಿ ‘ದೊಡ್ಡ ಸ್ವಾಮಿಯೋರು’ ಆದ. ಕೊನೆಗೆ 1823ರಲ್ಲಿ ಫ್ರಾನ್ಸಿಗೆ ಹೊರಟುಹೋದ. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವನ ಪತ್ರಗಳು ಪಾದ್ರಿ ವಲಯವನ್ನು ಬೆಚ್ಚಿಬೀಳಿಸಿದವು. ಇದ್ದ ಸ್ಥಿತಿಯಲ್ಲಿ ಹಿಂದೂಗಳು ಕ್ರೈಸ್ತರಾಗುವುದು ಆಗದ ಮಾತು ಎಂದು ಅವನು ಬರೆದ. ತಾನು ಅಷ್ಟು ವರ್ಷಗಳಲ್ಲಿ ಹೊಸದಾಗಿ ಜ್ಞಾನಸ್ನಾನ ಕೊಟ್ಟವರು ಇನ್ನೂರರಿಂದ ಮುನ್ನೂರು, ಅವರಲ್ಲಿ ಮೂರನೇ ಎರಡು ಪಾಲು ಹೊಲೆಯರು, ಭಿಕ್ಷುಕರು, ಉಳಿದವರು ದಿಕ್ಕಿಲ್ಲದವರು, ಶುದ್ಧ ನಂಬಿಕೆಯಿಂದ ಬಂದವರು ಕಾಣಲಿಲ್ಲ ಎಂದು ಲೆಕ್ಕ ಒಪ್ಪಿಸಿದ. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬಿಬ್ಬರು ಮರುವರ್ಷವೇ ಪುಸ್ತಕ ಬರೆದು ಉತ್ತರಿಸಿದರು.

ಆ ಉತ್ತರಗಳಿಗಿಂತ ದುಬ್ವಾನ ಲೆಕ್ಕವೇ ನನ್ನನ್ನು ಕಾಡುತ್ತದೆ. ಅದರೊಳಗೊಂದು ಜಾತಿಯ ಗಣಿತವಿದೆ. ಬ್ರಾಹ್ಮಣನೊಬ್ಬ ಬಂದಿದ್ದರೆ ಅದು ಮನಃಪರಿವರ್ತನೆ, ಹೊಲೆಯ ಬಂದರೆ ಅದು ಹಸಿವು. ಬಡವನ ಉದ್ದೇಶವನ್ನು ಮಾತ್ರ ತೆರೆದು ನೋಡುವ ಅಭ್ಯಾಸ ಇದು. ತಂದೆಯ ಆಸ್ತಿ ಸಿಗಲಿ ಎಂದು, ಮದುವೆಗೆ ತೊಡಕಾಗದಿರಲಿ ಎಂದು, ನಾಲ್ಕು ಜನ ಏನೆಂದಾರು ಎಂದು ಹುಟ್ಟಿದ ಧರ್ಮದಲ್ಲೇ ಉಳಿದವರ ಉದ್ದೇಶವನ್ನು ಯಾರೂ ಅಳೆಯುವುದಿಲ್ಲ. ಹಾಗೆ ಅಳೆದರೆ ಯಾವ ದೇವಸ್ಥಾನ, ಮಸೀದಿ, ಚರ್ಚಿನ ಹಾಜರಿ ಪಟ್ಟಿಯೂ ಉಳಿಯಲಾರದು.

ಇದು ಹಳೆಯ ಕಾಲದ ರೋಗವಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ಕಾಯ್ದೆಯಲ್ಲಿ ‘ಆಮಿಷ’ ಎಂಬ ಪದಕ್ಕೆ ಉಡುಗೊರೆ, ಉದ್ಯೋಗ, ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಜೀವನ ಇವೆಲ್ಲ ಸೇರಿದ್ದವು. ಮತಾಂತರಗೊಂಡವರು ಮಹಿಳೆಯೋ ಪರಿಶಿಷ್ಟ ಜಾತಿ, ಪಂಗಡದವರೋ ಆಗಿದ್ದರೆ ಮಾಡಿಸಿದವನಿಗೆ ಹೆಚ್ಚಿನ ಶಿಕ್ಷೆ. 2023ರ ಜೂನ್‌ನಲ್ಲಿ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆದರೆ ಆ ಪದದ ಹಿಂದಿನ ಅನುಮಾನವನ್ನು ಯಾವ ಸಂಪುಟವೂ ಹಿಂಪಡೆಯಲಾರದು: ಇವರಿಗೆ ಮನಸ್ಸೆಂಬುದಿಲ್ಲ, ಹೊಟ್ಟೆ ಮಾತ್ರ ಇದೆ.

ಹಾಗಾದರೆ ಆಮಿಷವೆಂಬುದೇ ಇಲ್ಲವೇ? ಇದೆ, ಮತ್ತು ಅದು ಹೀನ ಕೆಲಸ. ಹಸಿದವನ ಮುಂದೆ ತಟ್ಟೆ ಹಿಡಿದು, ಮೊದಲು ಪ್ರಾರ್ಥನೆ ಹೇಳು ಎನ್ನುವುದು ದೇವರ ಹೆಸರಿನಲ್ಲಿ ಮಾಡುವ ಬಡ್ಡಿ ವ್ಯಾಪಾರ. ಆದರೆ ತಪ್ಪನ್ನು ಹುಡುಕಬೇಕಾದದ್ದು ಕೊಡುವವನ ಕೈಯಲ್ಲಿ, ಉಣ್ಣುವವನ ಎದೆಯಲ್ಲಲ್ಲ. ನನಗೆ ತೋಚುವ ಪರೀಕ್ಷೆ ಸರಳವಾದದ್ದು. ಬಿಟ್ಟುಹೋದವನಿಗೂ ಆ ತಟ್ಟೆ ಉಂಟೇ? ದುಬ್ವಾನ ಲಸಿಕೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಕ್ರೈಸ್ತರಿಗೆಂದೇ ಮಾಡಿದ ಬೇಸಾಯದ ನೆಲೆ ಪೂರ್ತಿಯಾಗಿ ಗೆಲ್ಲುವುದಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಕೂಡ ಇದೇ ಇಕ್ಕಟ್ಟಿನಲ್ಲಿತ್ತು. ಸಭೆಗೆ ಸೇರಿದವನು ಜಾತಿಯಿಂದ ಹೊರಬಿದ್ದು ಕಸುಬು ಕಳೆದುಕೊಳ್ಳುತ್ತಿದ್ದ. ಬಿಲ್ಲವನಾಗಿದ್ದರೆ ಮಿಷನ್ನೇ ಶೇಂದಿ ಇಳಿಸಬೇಡ ಎನ್ನುತ್ತಿತ್ತು. ನೇಯ್ಗೆ ಶಾಲೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಇವೆಲ್ಲ ಬಂದದ್ದು ಆ ನಷ್ಟದ ಹಿಂದೆ. ದೂರದಿಂದ ಆಮಿಷದಂತೆ ಕಾಣುವುದು ಹತ್ತಿರದಿಂದ ಪರಿಹಾರದಂತೆ ಕಾಣುತ್ತದೆ.

ಇದೇ ಪರೀಕ್ಷೆಯನ್ನು ಸರ್ಕಾರಕ್ಕೂ ಒಡ್ಡಿ ನೋಡೋಣ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರೆಂದು ಗುರುತಿಸಿಕೊಳ್ಳಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತನಾದರೆ ಆ ಸ್ಥಾನ ಹೋಗುತ್ತದೆ, ಊರಿನ ಕೇರಿ ಮಾತ್ರ ಅಲ್ಲೇ ಇರುತ್ತದೆ. ಇಲ್ಲಿ ತಟ್ಟೆ ಹಿಂದಕ್ಕೆಳೆಯುವ ಕೈ ಯಾರದು?

ನನ್ನ ಕ್ಷೇತ್ರಕಾರ್ಯದ ಒಂದು ಹಳ್ಳಿಯಲ್ಲಿ ಈ ಪ್ರಶ್ನೆ ಒಂದು ನೋಟ್‌ಬುಕ್ಕಿನ ರೂಪದಲ್ಲಿ ಎದುರಾಯಿತು. ಹಾಸನ ಜಿಲ್ಲೆ ಎಂದಷ್ಟೇ ಹೇಳುತ್ತೇನೆ, ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ. ಚಿಕ್ಕ ಚರ್ಚು, ಹೆಂಚಿನ ಮಾಡು, ತಿಂಗಳಿಗೊಮ್ಮೆ ಪೂಜೆ. ಹೊಸ ಫಾದರ್ ಬಂದ ಮೇಲೆ ಪ್ರತಿ ಭಾನುವಾರ ಬಾಗಿಲು ತೆರೆಯುತ್ತಿದೆ, ಸಂಜೆ ಊರಿನ ಎಲ್ಲ ಮಕ್ಕಳಿಗೂ ಟ್ಯೂಷನ್ ಇದೆ. ಟ್ಯೂಷನ್ನಿನಿಂದ ಒಬ್ಬರೂ ಚರ್ಚಿಗೆ ಬಂದಿಲ್ಲ, ಅವರು ಅದನ್ನು ನಿರೀಕ್ಷಿಸಿದಂತೆಯೂ ಇಲ್ಲ. ಸಭೆಯನ್ನು ಮತ್ತೆ ಕಟ್ಟಬೇಕೆಂದು ಮನೆಮನೆಗೆ ಹೋಗಿ ಹೆಸರು ಬರೆಯತೊಡಗಿದಾಗ ತಕರಾರು ಶುರುವಾಯಿತು. ಹನ್ನೊಂದು ಮನೆಯವರ ಹೆಸರು ಪೆನ್ನಿನಲ್ಲಿವೆ. ಇನ್ನು ಕೆಲವರ ಹೆಸರು ಪೆನ್ಸಿಲ್ಲಿನಲ್ಲಿ. ಕೊನೆಯ ಬೆಂಚಿನಲ್ಲಿ ಕೂರುವವರು, ಜಪಸರ ಹಿಡಿಯುವವರು, ಆದರೆ ಜಾತಿ ಪ್ರಮಾಣಪತ್ರದಲ್ಲಿ ಹಿಂದೂಗಳು. ಡೆಸಿಯಸ್ಸನ ಪತ್ರ ಹೊಸ ಮೊಹರಿನೊಂದಿಗೆ.

ಪೆನ್ನಿನವರಲ್ಲಿ ಒಬ್ಬ ಹಿರಿಯರು ನನ್ನೊಡನೆ ಖಾರವಾಗಿಯೇ ಮಾತಾಡಿದರು. “ನಾವು ಸೀಟು ಬಿಟ್ಟೆವು, ಕೆಲಸ ಬಿಟ್ಟೆವು, ಹೆಸರು ಬಿಡಲಿಲ್ಲ. ಇವರಿಗೆ ಎರಡೂ ಬೇಕಾ?” ಇದಕ್ಕೆ ಸುಲಭದ ಉತ್ತರ ಇಲ್ಲ. ನಂಬಿಕೆಗಾಗಿ ಬೆಲೆ ತೆತ್ತವನು ತೆರದವನನ್ನು ನೋಡಿ ನೊಂದುಕೊಂಡರೆ ಅದು ಅಸೂಯೆಯಲ್ಲ. ಸುಪ್ರೀಂ ಕೋರ್ಟ್ ಕೂಡ 2024ರ ನವೆಂಬರ್‌ನಲ್ಲಿ, ಪುದುಚೇರಿಯ ಒಂದು ಪ್ರಕರಣದಲ್ಲಿ, ಕ್ರೈಸ್ತರಾಗಿ ಬದುಕುತ್ತ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ಮೋಸ ಎಂದಿತು. ಹೆಸರುಗಳನ್ನು ಪೆನ್ನಿನಲ್ಲಿ ತಿದ್ದಿದರೆ ಆ ಮನೆಗಳ ಮಕ್ಕಳ ಕಾಲೇಜು ನಿಲ್ಲುತ್ತದೆ. ಅಳಿಸಿದರೆ ನಾಳೆ ಅವರ ಅಜ್ಜಿಯನ್ನು ಎಲ್ಲಿ ಮಣ್ಣು ಮಾಡುವುದು ಎಂಬ ಪ್ರಶ್ನೆ ಏಳುತ್ತದೆ.

ನಾನು ಸಿಪ್ರಿಯನ್ ಪಕ್ಷ. ಪತ್ರ ಪಡೆದವನು ಸುಳ್ಳು ಹೇಳಿದ ಎಂಬುದು ನಿಜ. ಆದರೆ ಸುಳ್ಳಿಗೆ ಅವನನ್ನು ದೂಡಿದ್ದು ಜಾತಿ ಉಳಿಸಿಕೊಂಡು ಪರಿಹಾರ ಮಾತ್ರ ಕಿತ್ತುಕೊಳ್ಳುವ ಒಂದು ಷರತ್ತು. ಷರತ್ತು ಹಾಕಿದವರನ್ನು ಕೇಳದೆ ಅವನನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸುವ ಸಭೆ ಇನ್ನಷ್ಟು ಚಿಕ್ಕದಾಗುತ್ತದೆ, ಬೆಂಚುಗಳು ತುಂಬಿದ್ದರೂ.

ಆ ಹಳ್ಳಿಯಿಂದ ಬರುವಾಗ ಶೆಟ್ಟಿಹಳ್ಳಿಗೂ ಹೋಗಿದ್ದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅಲ್ಲಿಯ ಚರ್ಚು ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದೆ. ಮದುವೆಯಾಗುವ ಜೋಡಿಗಳು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕಟ್ಟಡಕ್ಕೆ ಹಿಂದೆಂದೂ ಇಲ್ಲದಷ್ಟು ಜನ. ಅಲ್ಲಿನ ಸಭೆ ಊರಿನ ಜೊತೆಗೇ ಎದ್ದು ಹೋಗಿ ದಶಕಗಳಾದವು.

ನೋಟ್‌ಬುಕ್ಕಿನ ಹಳ್ಳಿಯ ಒಬ್ಬ ಅಜ್ಜಿಯ ಹಿರೀಕರೂ ನೀರಿನಲ್ಲಿ ಹೊಲ ಕಳೆದುಕೊಂಡವರು. “ಹೊಲ ಕೊಡ್ತಾರೆ ಅಂತಲೇ ನಮ್ಮ ಮುತ್ತಾತ ಬಂದಿದ್ದಂತೆ ಕಣಪ್ಪ,” ಎಂದರು, ಒಂದಿಷ್ಟೂ ಮುಜುಗರವಿಲ್ಲದೆ. ಹೊಲ ಹೋದ ಮೇಲೂ ಯಾಕೆ ಇದ್ದೀರಿ ಅಂತ ಕೇಳಿದೆ. ಪ್ರಶ್ನೆಯೇ ಅರ್ಥವಾಗದವರಂತೆ ನನ್ನನ್ನು ನೋಡಿ, ಮೊಮ್ಮಗನನ್ನು ಕರೆದು ಕಾಫಿಗೆ ಹಾಲು ತರಲು ಕಳಿಸಿದರು. ಆ ಮೊಮ್ಮಗನ ಹೆಸರು ಪೆನ್ಸಿಲ್ಲಿನಲ್ಲಿದೆ.