ದೇವರ ಹೊಲದ ಹನ್ನೆರಡನೇ ಕಾಲಂ

ರಾಮನಗರ ತಾಲೂಕಿನ ಕೂಟಗಲ್ ಹೋಬಳಿಯ ಯಾವ ಜಮೀನಿನ ಪಹಣಿ ತೆಗೆದರೂ ತಲೆಯಲ್ಲಿ ತಾಲೂಕು, ಹೋಬಳಿ, ಗ್ರಾಮ; ಕೆಳಗೆ 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು ಮತ್ತು ಬೆಳೆ. ನಮ್ಮ ನಾಡಿನ ಎಷ್ಟೋ ಪಹಣಿಗಳ 9ನೇ ಕಾಲಂನಲ್ಲಿ ದೇವರ ಹೆಸರೇ ಇರುತ್ತದೆ. ದೇವರು ನೇಗಿಲು ಹಿಡಿಯುವುದಿಲ್ಲ. ಹಾಗಿದ್ದರೆ ಹೊಲ ದೇವರದ್ದಾಗುವುದು ಹೇಗೆ?

ಶ್ರೀರಂಗಪಟ್ಟಣದ ದ್ವೀಪದ ಕಥೆಯಲ್ಲೂ ಇದೇ ಪ್ರಶ್ನೆ ಇದೆ. 12ನೇ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನ ಕಾವೇರಿಯ ಎರಡೂ ದಡದ ಸೀಮೆಯನ್ನು ರಾಮಾನುಜಾಚಾರ್ಯರಿಗೆ ದಾನ ಕೊಟ್ಟನೆಂದು ಪ್ರತೀತಿ. ಎಂಟು ಊರುಗಳ ಆ ಸೀಮೆಯೇ ಅಷ್ಟಗ್ರಾಮ. ಅದನ್ನು ನೋಡಿಕೊಳ್ಳಲು ಆಚಾರ್ಯರು ಪ್ರಭುಗಳನ್ನೂ ಹೆಬ್ಬಾರರನ್ನೂ ನೇಮಿಸಿದರಂತೆ. ದಾನವಾದ ದಿನದಿಂದಲೇ ಲೆಕ್ಕಕ್ಕೆ ಮನುಷ್ಯರು ಬೇಕಾದರು.

ಮುಂದೆ ದಾನದ ಹೆಸರು ಕಂದಾಯದ ಹೆಸರಾಯಿತು. 19ನೇ ಶತಮಾನದಲ್ಲಿ ಬ್ರಿಟಿಷ್ ಕಮಿಷನರುಗಳು ಮೈಸೂರು, ಹಾಸನ ಸೇರಿದ ಇಡೀ ವಿಭಾಗವನ್ನೇ ಅಷ್ಟಗ್ರಾಮ ಎಂದು ಕರೆದರು. ದ್ವೀಪ ಮಾತ್ರ 1799ರಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿತ್ತು. ಮೈಸೂರು ಅದಕ್ಕೆ ವರ್ಷಕ್ಕೆ 50,000 ರೂಪಾಯಿ ಗುತ್ತಿಗೆ ಕಟ್ಟುತ್ತಿತ್ತು. 1881ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರಿಗೆ ಹೋಗಿ, ದ್ವೀಪ ಮೈಸೂರಿಗೆ ಮರಳಿತು. ದ್ವೀಪದ ದೇವರು ರಂಗನಾಥನಿದ್ದ ನೆಲವೂ ವಿನಿಮಯದ ವಸ್ತುವಾಯಿತು.

ಭೂಮಿ ಯಾರದು, ಅದನ್ನು ದೇವರಿಗೆ ಕೊಡಬಹುದೇ ಎಂಬ ವಿಷಯದಲ್ಲಿ ವೇದದ ಯಾಗವಿಧಿಗಳನ್ನು ವಿಚಾರಿಸುವ ಮೀಮಾಂಸಕರು ಬಹಳ ಹಿಂದೆಯೇ ನಿಷ್ಠುರವಾಗಿ ಯೋಚಿಸಿದ್ದರು. ವಿಶ್ವಜಿತ್ ಯಾಗದಲ್ಲಿ ಯಜಮಾನ ತನ್ನ ಸರ್ವಸ್ವವನ್ನೂ ಕೊಡಬೇಕು. ಆದರೆ ಭೂಮಿಯನ್ನು ಕೊಡುವಂತಿಲ್ಲ, ಅದು ಎಲ್ಲರಿಗೂ ಸಮಾನ ಎಂಬುದು ಮೀಮಾಂಸಾ ಸೂತ್ರಕಾರ ಜೈಮಿನಿಯ ನಿಲುವು. ಆ ಸೂತ್ರಗಳಿಗೆ ಭಾಷ್ಯ ಬರೆದ ಶಬರಸ್ವಾಮಿ ಇನ್ನೂ ಮುಂದೆ ಹೋಗುತ್ತಾನೆ. ತನ್ನಿಚ್ಛೆಯಂತೆ ಬಳಸಬಲ್ಲವನದೇ ಸ್ವತ್ತು. ದೇವತೆ ಹೊಲವನ್ನು ಹಾಗೆ ಬಳಸದು. ಆದ್ದರಿಂದ ದೇವಕ್ಷೇತ್ರ, ದೇವಗ್ರಾಮ ಎಂಬುವು ಬರೀ ಉಪಚಾರದ ಮಾತು. ವೇದವನ್ನೇ ಪ್ರಮಾಣವೆಂದು ನಂಬಿದವನ ಬಾಯಲ್ಲಿ ಈ ಮಾತು!

ಇಂದಿನ ನ್ಯಾಯಾಲಯ ದೇವರನ್ನು ಕಾನೂನಿನ ವ್ಯಕ್ತಿಯೆಂದು ಒಪ್ಪುತ್ತದೆ. ದತ್ತಿ ಜಮೀನನ್ನು ನುಂಗುವವರಿಂದ ಉಳಿಸಲು ಅದು ಬೇಕು, ನಿಜ. ಆದರೂ ಶಬರನ ಮಾತೇ ಸತ್ಯಕ್ಕೆ ಹತ್ತಿರ. ಹರಕೆ ಹೊತ್ತು ಕೊಟ್ಟ ಭಕ್ತಿ ದೊಡ್ಡದು, ಆದರೆ ಗದ್ದೆಯ ಕೆಸರಿಗೆ ಇಳಿದವರ ಹೆಸರು ಅದರ ನೆರಳಿನಲ್ಲಿ ಅಳಿಸಿಹೋಗಬಾರದು.

ಮೈಸೂರು ಸರ್ಕಾರ 1955ರಲ್ಲಿ ಧಾರ್ಮಿಕ ಮತ್ತು ಧರ್ಮಾರ್ಥ ಇನಾಂ ರದ್ದತಿ ಕಾಯ್ದೆ ತಂದದ್ದು ಈ ದಿಕ್ಕಿನ ಹೆಜ್ಜೆ. ಇನಾಂ ಜಮೀನು ಸರ್ಕಾರಕ್ಕೆ ಸೇರಿ, ಗೇಣಿದಾರರು ತಮ್ಮ ಹಕ್ಕು ನೋಂದಾಯಿಸಿಕೊಳ್ಳಲು ದಾರಿಯಾಯಿತು. ನಿಮ್ಮ ಊರಿನ ದೇವರ ಹೆಸರಿನಲ್ಲೂ ಜಮೀನಿದ್ದರೆ ಒಮ್ಮೆ ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿ. 9ನೇ ಕಾಲಂಗೆ ಕೈಮುಗಿದು, 12ನೇ ಕಾಲಂ ಓದಿ.