ಓದಿಗೆ ಅಂತ ಹೇಳು

ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಕಲಿಸುವವರು ನಾವೇ. ಸುಳ್ಳನ್ನು ಹೇಗೆ ಹೇಳಬೇಕು ಎಂದು ಕಲಿಸುವವರೂ ನಾವೇ. ಈ ಮಾತು ನಿಮಗೆ ಒರಟೆನಿಸಬಹುದು. ನಮ್ಮ ಮನೆಗೆ ಆ ಲ್ಯಾಪ್‌ಟಾಪ್ ಬರುವವರೆಗೆ ಯಾರಾದರೂ ಹೀಗೆಂದಿದ್ದರೆ ನನಗೂ ಸಿಟ್ಟು ಬರುತ್ತಿತ್ತು.

2023ರ ದೀಪಾವಳಿಗೆ ಇನ್ನೂ ಹದಿನೈದು ದಿನವಿತ್ತು. ಮಗಳು ಇಲ್ಲೇ ಹಾಸನದಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಅಮ್ಮ, ನನಗೊಂದು ಗೇಮಿಂಗ್ ಲ್ಯಾಪ್‌ಟಾಪ್ ಬೇಕು" ಅಂದಳು. ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ.

"ಇರುವುದಕ್ಕೇನಾಯಿತು?"

"ಏನೂ ಆಗಿಲ್ಲ. ಓದಿಗೆ ಅದೇ ಸಾಕು. ಇದು ಆಟ ಆಡೋದಕ್ಕೆ."

ಇರುವುದೆಂದರೆ 2020ರ ಕರೋನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ತಂದದ್ದು. ಹುಡುಗಿ ನಿಜ ಹೇಳಿದಳು, ಸುತ್ತುಬಳಸಿಲ್ಲದೆ. ನಾನು ಈಳಿಗೆಮಣೆಯಿಂದ ತಲೆ ಎತ್ತದೆಯೇ ಹೇಳಿದೆ: "ಅಪ್ಪನ ಹತ್ತಿರ ಹಾಗನ್ನಬೇಡ. ಓದಿಗೆ ಅಂತ ಹೇಳು."

ಇಷ್ಟು ಸಲೀಸಾಗಿ ಆ ಮಾತು ನನ್ನ ಬಾಯಿಂದ ಬಂದದ್ದಾದರೂ ಹೇಗೆ? ಆಮೇಲೆ ಎಷ್ಟೋ ದಿನ ಇದನ್ನೇ ಯೋಚಿಸಿದ್ದೇನೆ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ನಮ್ಮ ತಂದೆ ಟಿ.ವಿ. ತಂದರು. ಮಕ್ಕಳಿಗೆ ಸಂಸ್ಕಾರ ಬರಲಿ ಎಂದೇ ತಂದದ್ದು ಎಂದು ಬೀದಿಗೆಲ್ಲ ಹೇಳಿದರು. ಆದರೆ ಚಿತ್ರಹಾರದ ಒಂದು ಹಾಡನ್ನೂ ಅವರು ತಪ್ಪಿಸಿಕೊಂಡದ್ದು ನಾನು ಕಾಣೆ. ನಮ್ಮಮ್ಮ ಮಧ್ಯಾಹ್ನ ಹೊಲಿಗೆ ಕಲಿಯಲು ಪಕ್ಕದ ಮನೆಗೆ ಹೋಗುತ್ತಿದ್ದಳು. ಮಡಿಸಿದ ಬಟ್ಟೆಯೊಳಗೆ ಬಾಡಿಗೆ ಲೈಬ್ರರಿಯ ಕಾದಂಬರಿ ಇರುತ್ತಿತ್ತು. ಪಾಪ, ಕೊನೆಯವರೆಗೂ ಅವಳಿಗೆ ಒಂದು ರವಿಕೆ ಹೊಲಿಯಲು ಬರಲಿಲ್ಲ. ನಮ್ಮ ಮನೆಗಳಲ್ಲಿ ಸಂತೋಷ ಎಂಬುದು ಎಂದೂ ತನ್ನ ಹೆಸರು ಹೇಳಿಕೊಂಡು ಮುಂಬಾಗಿಲಿಂದ ಬಂದಿಲ್ಲ. ಅಗತ್ಯ ಎಂಬ ಸೆರಗು ಹೊದ್ದೇ ಬರಬೇಕು. ಗಂಡಸರು ಸಂಜೆ ಇಸ್ಪೀಟಿಗೆ ಕೂತರೆ ಯಾಕೆ ಎಂದು ಕೇಳುವವರಿಲ್ಲ. ಹೆಂಗಸು ಸುಮ್ಮನೆ ಖುಷಿಗೆ ಒಂದು ಗಂಟೆ ಕೂತರೆ ಅದಕ್ಕೊಂದು ಕಾರಣಪತ್ರ ಬೇಕು. ಆ ಕಾರಣಪತ್ರ ಬರೆಯುವ ಅಭ್ಯಾಸ ನನ್ನ ಕೈಗೆ ಎಷ್ಟು ಹತ್ತಿತ್ತೆಂದರೆ, ಕೇಳದ ಮಗಳಿಗೂ ಒಂದು ಬರೆದುಕೊಟ್ಟೆ.

ಮನೆಯವರು ಒಪ್ಪಿದರು. ಓದು ಅಂದರೆ ಅವರು ಯಾವುದಕ್ಕೂ ಇಲ್ಲವೆನ್ನುವವರಲ್ಲ. ಬಿ.ಎಂ. ರಸ್ತೆಯ ಅಂಗಡಿಯೊಂದರಲ್ಲಿ 78,000 ರೂಪಾಯಿಗೆ, ತಿಂಗಳಿಗೆ 6,500ರಂತೆ ಹನ್ನೆರಡು ಕಂತಿನಲ್ಲಿ ಕೊಂಡೆವು. ಇದಕ್ಕಿಂತ ಅಗ್ಗದವೂ ಇದ್ದವು, ಲಕ್ಷ ದಾಟಿದವೂ ಇದ್ದವು. ನಮ್ಮಂಥವರ ಬದುಕಿನ ಹಾಗೆ ಇದೂ ಮಧ್ಯಮ ದರ್ಜೆಯದು. ಹದಿನಾರು ಜಿ.ಬಿ. ನೆನಪು, ಜೊತೆಗೆ ಆರು ಜಿ.ಬಿ.ಯ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು. ಈ ಕಾರ್ಡೇ ಅದರ ಜೀವ ಎಂದು ಮಗಳು ವಿವರಿಸಿದಳು. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮದುವೆಮನೆಯಲ್ಲಿ ಮುಖ್ಯ ಅಡುಗೆಯವನು ಒಬ್ಬ ಇರುತ್ತಾನೆ, ಎಲ್ಲ ಬಲ್ಲವನು. ಆದರೆ ಎರಡು ಸಾವಿರ ಲಾಡು ಕಟ್ಟಬೇಕೆಂದರೆ ಅವನೊಬ್ಬನಿಂದ ಆಗದು. ನೂರು ಹೆಂಗಸರು ಸಾಲಾಗಿ ಕೂರಬೇಕು. ಪರದೆಯ ಮೇಲೆ ಇಪ್ಪತ್ತು ಲಕ್ಷಕ್ಕೂ ಮೀರಿ ಚುಕ್ಕಿಗಳು. ಆಟದಲ್ಲಿ ಅವನ್ನು ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ಬರೆಯಬೇಕು. ಈ ಪರದೆ ಸೆಕೆಂಡಿಗೆ 144 ಸಲದವರೆಗೂ ತಾಳುತ್ತದಂತೆ. ಆ ಸಣ್ಣ ಸಣ್ಣ ಲೆಕ್ಕಗಳನ್ನೆಲ್ಲ ಒಟ್ಟೊಟ್ಟಿಗೆ ಮಾಡುವ ಹೆಂಗಸರ ಸಾಲೇ ಈ ಗ್ರಾಫಿಕ್ಸ್ ಕಾರ್ಡು.

ಸುಳ್ಳಿನ ತೊಂದರೆಯೆಂದರೆ ಅದು ಒಂಟಿಯಾಗಿ ಸಂಸಾರ ಮಾಡುವುದಿಲ್ಲ. ವಾರ ಕಳೆಯುವುದರೊಳಗೆ ಮನೆಯವರು ಕೇಳಿದರು, "ಓದುವ ಯಂತ್ರ ಕಾಲೇಜಿಗೆ ಹೋಗುವುದಿಲ್ಲವೇ?" ಹೇಗೆ ಹೋದೀತು? ಅದರ ತೂಕ ಎರಡು ಕಿಲೋ ಮುನ್ನೂರು ಗ್ರಾಂ, ಇಟ್ಟಿಗೆಯಂಥ ಚಾರ್ಜರು ಬೇರೆ. ಆಟಕ್ಕೆ ಕೂತರೆ ಬ್ಯಾಟರಿ ಎರಡು ಗಂಟೆ ನಿಂತರೆ ಹೆಚ್ಚು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮಾತ್ರ ಪೂರ್ತಿ ಶಕ್ತಿ. "ಕಳ್ಳರ ಭಯ" ಎಂದೆ ನಾನು. ಕೀಲಿಮಣೆಯಲ್ಲಿ ಬಣ್ಣಬಣ್ಣದ ದೀಪ ಹತ್ತಿದ್ದನ್ನು ನೋಡಿ ಕೇಳಿದಾಗ, "ರಾತ್ರಿ ಓದುವುದಕ್ಕೆ ಅನುಕೂಲ" ಎಂದೆ. ಫ್ಯಾನು ಮಿಕ್ಸಿಯ ಹಾಗೆ ಸದ್ದು ಮಾಡಿದಾಗ, "ದೊಡ್ಡ ಲೆಕ್ಕ ಮಾಡುತ್ತಿದೆ" ಎಂದೆ. ಈ ಮಾತು ಮಾತ್ರ ನಿಜವಾಗಿತ್ತು ಅನ್ನಿ.

ಒಂದು ಭಾನುವಾರ ಮಗಳು ನನ್ನನ್ನೂ ಕೂರಿಸಿದಳು. ಫೋರ್ಜಾ ಹೊರೈಜನ್ 5 ಎಂಬ ಕಾರಿನ ಆಟ, ನಡೆಯುವುದು ಮೆಕ್ಸಿಕೋ ದೇಶದಲ್ಲಿ. ಸ್ಕೂಟರನ್ನೂ ಬಿಟ್ಟು ಅರಿಯದ ನಾನು ಮರುಭೂಮಿಯ ದಾರಿಯಲ್ಲಿ, ಮಳೆಯಲ್ಲಿ, ಜ್ವಾಲಾಮುಖಿಯ ಮಗ್ಗುಲಲ್ಲಿ ಕಾರು ಓಡಿಸಿದೆ. ಬೇಲಿ ಮುರಿದೆ, ಕಳ್ಳಿಗಿಡಗಳ ಮೇಲೆ ಹತ್ತಿಸಿದೆ. ಸಾರು ಉಕ್ಕಿ ಒಲೆ ಆರಿದ್ದೂ ಗೊತ್ತಾಗಲಿಲ್ಲ. ಮಗಳು ಬಿದ್ದು ಬಿದ್ದು ನಕ್ಕಳು. ನಾವಿಬ್ಬರೂ ಹಾಗೆ ನಕ್ಕು ಎಷ್ಟೋ ವರ್ಷವಾಗಿತ್ತು.

ಮಾರನೆಯ ವರ್ಷ ಫಲಿತಾಂಶ ಬಂತು. ಗಣಿತದಲ್ಲಿ ಮಗಳು ನಪಾಸು. ಆಟದಿಂದ ಹೋಯಿತೋ, ಗಣಿತದಿಂದಲೇ ಹೋಯಿತೋ, ಹೇಳುವುದು ಕಷ್ಟ. ನಮ್ಮ ವಂಶದಲ್ಲಿ ಗಣಿತ ಎಂದೂ ಅಷ್ಟಕ್ಕಷ್ಟೇ. ಆದರೆ ಮನೆಯವರು ಹಾಗೆ ನೋಡುವುದು ಸಾಧ್ಯವಿರಲಿಲ್ಲ. "ಓದಿಗೆ ಅಂತ ತಾನೇ ಕೊಡಿಸಿದ್ದು? ತಿಂಗಳಿಗೆ ಆರೂವರೆ ಸಾವಿರ ಯಾತಕ್ಕೆ ಕಟ್ಟುತ್ತಿದ್ದೇನೆ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳತೊಡಗಿದರು. ಮಗಳು ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಒಮ್ಮೆ ಕೂಡ, "ನಾನು ಹಾಗೆ ಹೇಳಬೇಕೆಂದಿರಲಿಲ್ಲ, ಅಮ್ಮ ಹೇಳಿಸಿದಳು" ಎನ್ನಲಿಲ್ಲ. ನಾನು ಮಜ್ಜಿಗೆ ಬಡಿಸುತ್ತ ಸುಮ್ಮನಿದ್ದೆ. ಕಂತನ್ನು ಅವರು ಕಟ್ಟುತ್ತಿದ್ದರು. ನನ್ನ ಸುಳ್ಳಿನ ಬಡ್ಡಿಯನ್ನು ಆ ಹುಡುಗಿ ಕಟ್ಟುತ್ತಿದ್ದಳು. ಐದು ತಿಂಗಳು ನಾನು ಹಾಗೆ ಸುಮ್ಮನಿದ್ದೆ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

2024ರ ಅಕ್ಟೋಬರಿನಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಪ್ರಕಟವಾಯಿತು. ಪಡೆದ ಇಬ್ಬರಲ್ಲಿ ಜೆಫ್ರಿ ಹಿಂಟನ್ ಒಬ್ಬರು. ಅವರ ವಿಷಯ ಓದುತ್ತ ಹೋದಾಗ ನನಗೆ ನಿಧಿ ಸಿಕ್ಕಂತಾಯಿತು. 2012ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಅವರೂ ಅವರ ಇಬ್ಬರು ಶಿಷ್ಯರೂ ಸೇರಿ ಕಂಪ್ಯೂಟರಿಗೆ ಚಿತ್ರಗಳನ್ನು ಗುರುತಿಸುವ ವಿದ್ಯೆ ಕಲಿಸಿದ್ದರು. ಕಲಿಸಲು ಬಳಸಿದ್ದು ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು, ಅದೂ ಆಟದ ಕಂಪ್ಯೂಟರಿಗೆಂದೇ ಮಾರುತ್ತಿದ್ದಂಥವನ್ನು. ಇಂದಿನ ಕೃತಕ ಬುದ್ಧಿಮತ್ತೆಯ ಓಟಕ್ಕೆ ಆ ಕೆಲಸ ದೊಡ್ಡ ತಿರುವು. ನಾನು ಮಗಳ ಕೋಣೆಗೆ ಓಡಿದೆ. "ಇದನ್ನು ಅಪ್ಪನಿಗೆ ಹೇಳು. ಆಟದ ಯಂತ್ರವೇ ವಿದ್ಯೆಯ ಯಂತ್ರ ಅಂತ ಹೇಳು."

ಅವಳು ನನ್ನನ್ನೇ ನೋಡಿದಳು. "ಅಮ್ಮ, ಮತ್ತೆ ಬೇಡ. ಅವರು ಮಾಡಿದರು. ನಾನು ಕಾರು ಓಡಿಸಿದೆ."

ಧರ್ಮರಾಯ ನೆನಪಾದ. ಅಶ್ವತ್ಥಾಮ ಎಂಬ ಆನೆ ಸತ್ತದ್ದು ನಿಜವೇ. ಆದರೂ ಆ ನಿಜವನ್ನು ಅವನು ದ್ರೋಣನ ಕಿವಿಗೆ ಸುಳ್ಳಿನ ಹಾಗೆ ಹಾಕಿದ. ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು. ಹಿಂಟನ್ನರ ಕಾರ್ಡೂ ನಿಜವೇ. ನನ್ನ ಕೈಯಲ್ಲಿ ಅದು ಆನೆಯಾಗುವುದರಲ್ಲಿತ್ತು. ಸುಳ್ಳು ಇರುವುದು ಮಾತಿನಲ್ಲಲ್ಲ, ಆ ಮಾತನ್ನು ಯಾಕೆ ಆಡುತ್ತೇವೆ ಎಂಬುದರಲ್ಲಿ. ಇಷ್ಟನ್ನು ತಿಳಿಯಲು ನನಗೆ ಇಪ್ಪತ್ತು ವರ್ಷದ ಹುಡುಗಿ ಗುರುವಾಗಬೇಕಾಯಿತು.

ಅಂದು ರಾತ್ರಿ ಮನೆಯವರಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಜ ಹೇಳಿದ್ದರೆ ನಾನು ಕೊಡಿಸುತ್ತಿರಲಿಲ್ಲ" ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಆದರೆ ಅವಳನ್ನು ಬೈಯುತ್ತಲೂ ಇರಲಿಲ್ಲ."

ಈ ಎರಡು ಮಾತುಗಳ ನಡುವೆಯೇ ನನ್ನ ಪ್ರಶ್ನೆ ಇನ್ನೂ ನಿಂತಿದೆ. ನಿಜ ಹೇಳಿದ್ದರೆ ಲ್ಯಾಪ್‌ಟಾಪ್ ಇಲ್ಲ, ಮೆಕ್ಸಿಕೋ ಇಲ್ಲ, ಆ ಭಾನುವಾರದ ನಗುವೂ ಇಲ್ಲ. ಹಾಗಾದರೆ ಯಾರಿಗೂ ಕೇಡು ಬಯಸದ ಸುಳ್ಳು ಅಷ್ಟು ತಪ್ಪೇ? ನಿಮ್ಮಲ್ಲಿ ಹಲವರು ಅಲ್ಲ ಎನ್ನುವಿರಿ. ನಾನೂ ಅರ್ಧ ಜೀವನ ಹಾಗೇ ಅಂದುಕೊಂಡವಳು. ಈಗ ನನಗೆ ಕಾಣುವುದಿಷ್ಟು. ಖುಷಿಗೆಂದು ಕೇಳಿ ಪಡೆದ ವಸ್ತುವಿಗೆ ಕೊಡುವುದು ಹಣ ಮಾತ್ರ. ಅಗತ್ಯವೆಂದು ಹೇಳಿ ಪಡೆದರೆ ಹಣದ ಜೊತೆಗೆ ಒಂದು ಭಾಷೆಯನ್ನೂ ಕೊಟ್ಟಿರುತ್ತೇವೆ, ಓದುತ್ತೇನೆ, ಗೆಲ್ಲುತ್ತೇನೆ, ಉಪಯೋಗಕ್ಕೆ ಬರುತ್ತೇನೆ ಎಂದು. ಮಗಳು ಕೊಡದ ಭಾಷೆಯನ್ನು ಅವಳ ಹೆಸರಿನಲ್ಲಿ ನಾನು ಕೊಟ್ಟಿದ್ದೆ. ಇಲ್ಲವೆನ್ನುವ ಹಕ್ಕು ಅವರಿಗಿತ್ತು, ಅದನ್ನೂ ಕಿತ್ತುಕೊಂಡಿದ್ದೆ. ಆಡುವ ಆಸೆಯಲ್ಲಿ ನಾಚಿಕೆಯೇನೂ ಇರಲಿಲ್ಲ. ನಾಚಿಕೆಯನ್ನು ಹೊದಿಸಿದವಳು ನಾನು.

ಮಗಳು ಗಣಿತದ ಪರೀಕ್ಷೆಗೆ ಮತ್ತೆ ಕೂತಳು, ಈ ಬಾರಿ ಪಾಸಾದಳು. ಓದಿದ್ದು ಹಳೆಯ ಲ್ಯಾಪ್‌ಟಾಪಿನಲ್ಲೇ.

ಕೊನೆಯ ಕಂತಿಗೆ ಒಂದು ವಾರ ಇರುವಾಗ ನಾನು ಮನೆಯವರ ಎದುರು ಕೂತು, "ನನಗೆ ಕಾರು ಕಲಿಯಬೇಕು" ಎಂದೆ.

"ನಮ್ಮ ಹತ್ತಿರ ಕಾರೇ ಇಲ್ಲವಲ್ಲ. ಈಗ ಏನು ಅಗತ್ಯ?"

ರಾತ್ರಿಹೊತ್ತು ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಎಂಬ ಮಾತು ತುದಿನಾಲಿಗೆಯವರೆಗೆ ಬಂದಿತ್ತು. ನುಂಗಿಕೊಂಡೆ. "ಅಗತ್ಯ ಏನೂ ಇಲ್ಲ. ಆಸೆ" ಎಂದೆ.

"ಈ ವರ್ಷ ಆಗುವುದಿಲ್ಲ" ಎಂದರು ಅವರು.

ಬೇಸರವಾಯಿತು, ಇಲ್ಲವೆನ್ನಲಾರೆ. ಆದರೆ ಸುಳ್ಳು ಹೇಳಿ ಪಡೆದ ಎಷ್ಟೋ ಹೂಂಗಳಿಗಿಂತ ಆ ಒಂದು ಇಲ್ಲ ಹಗುರವಾಗಿತ್ತು. ಬರುವ ವರ್ಷ ಮತ್ತೆ ಕೇಳುತ್ತೇನೆ.