ಜಡದಿಂದ ಜೀವ ಹುಟ್ಟೀತೆ?

ಜೀವ ಜೀವದಿಂದಲೇ ಹುಟ್ಟಬೇಕೆ, ಜಡವಸ್ತು ತಾನೇ ತಾನಾಗಿ ಜೀವ ತಳೆಯಬಲ್ಲದೆ ಎಂಬ ಪ್ರಶ್ನೆ ಬಹಳ ಹಳೆಯದು. ಐತರೇಯ ಉಪನಿಷತ್ತು ಮೊಟ್ಟೆ, ಗರ್ಭ ಮತ್ತು ನೆಲದಿಂದ ಹುಟ್ಟುವ ಜೀವಿಗಳ ಜೊತೆಗೆ ಸ್ವೇದಜಗಳನ್ನೂ ಎಣಿಸುತ್ತದೆ. ಹೇನು, ಸೊಳ್ಳೆಯಂಥವು ಬೆವರು, ತೇವ, ಕಾವುಗಳಿಂದ ಹುಟ್ಟುತ್ತವೆಂಬುದು ಅದರ ತಾತ್ಪರ್ಯ. ಛಾಂದೋಗ್ಯ ಉಪನಿಷತ್ತು ಮೂರೇ ಬಗೆ ಹೇಳಿ ಸ್ವೇದಜವನ್ನು ಹೆಸರಿಸುವುದಿಲ್ಲ. ಗ್ರೀಸಿನ ಅರಿಸ್ಟಾಟಲನೂ ಕೆಲವು ಕೀಟಗಳು ಕೊಳೆತ ಪದಾರ್ಥದಿಂದ ಹುಟ್ಟುತ್ತವೆಂದು ನಂಬಿದ್ದ. ಇವನ್ನು ಮೂಢನಂಬಿಕೆ ಎನ್ನುವುದು ಅನ್ಯಾಯ. ಕೊಳೆತ ಮಾಂಸದಲ್ಲಿ ಹುಳು ಕಾಣುತ್ತದೆ, ಮೊಟ್ಟೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಿಂದಿನವರು ಕಂಡದ್ದನ್ನೇ ಹೇಳಿದರು.

ಕಂಡದ್ದು ಸಾಲದು, ಪರೀಕ್ಷಿಸಬೇಕು ಎಂದು ಹೊರಟವನು ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ. 1668ರಲ್ಲಿ ಪ್ರಕಟವಾದ ಅವನ ಪ್ರಯೋಗ ಸರಳವಾದದ್ದು. ಕೆಲವು ಪಾತ್ರೆಗಳಲ್ಲಿ ಮಾಂಸವಿಟ್ಟು ಬಾಯಿ ತೆರೆದಿಟ್ಟ, ಕೆಲವನ್ನು ಭದ್ರವಾಗಿ ಮುಚ್ಚಿದ. ತೆರೆದವುಗಳಲ್ಲಿ ಮಾತ್ರ ಹುಳು ಬಿದ್ದವು. ಗಾಳಿಯಾಡದ ಕಾರಣ ಹುಳು ಹುಟ್ಟಲಿಲ್ಲ ಎಂಬ ಆಕ್ಷೇಪ ಬಂದೀತೆಂದು, ಗಾಳಿ ಹೋಗುವ ಆದರೆ ನೊಣ ಹೋಗದ ತೆಳುಬಟ್ಟೆ ಕಟ್ಟಿ ಮತ್ತೆ ನೋಡಿದ. ಮಾಂಸದಲ್ಲಿ ಹುಳುವಿರಲಿಲ್ಲ. ಒಂದೇ ಒಂದು ಅಂಶವನ್ನು ಬದಲಿಸಿ ಉಳಿದದ್ದನ್ನೆಲ್ಲ ಒಂದೇ ತೆರನಾಗಿ ಇಡುವುದು ಇಂದಿಗೂ ಜೀವವಿಜ್ಞಾನದ ತಳಹದಿ. ಆದರೂ ಓಕ್ ಮರದ ಗಂಟುಗಳೊಳಗಿನ ಹುಳುಗಳನ್ನು ಆ ಮರದ ಜೀವಶಕ್ತಿಯೇ ಹುಟ್ಟಿಸುತ್ತದೆಂದು ರೆಡಿ ನಂಬಿದ್ದ. ಅದನ್ನು ಅವನು ಪರೀಕ್ಷೆಗೆ ಒಡ್ಡಿ ತೀರ್ಮಾನಿಸಿರಲಿಲ್ಲ.

ಸೂಕ್ಷ್ಮದರ್ಶಕ ಬಂದ ಮೇಲೆ ವಾದ ಬರಿಗಣ್ಣಿಗೆ ಕಾಣದ ಜೀವಿಗಳತ್ತ ತಿರುಗಿತು. ಜಾನ್ ನೀಡಮ್ ಮಾಂಸದ ಸಾರನ್ನು ಕಾಯಿಸಿ ಬಿರಡೆ ಹಾಕಿಟ್ಟ. ಆದರೂ ಅದರಲ್ಲಿ ಸೂಕ್ಷ್ಮಜೀವಿಗಳು ತುಂಬಿದವು. ಲಜ್ಜಾರೊ ಸ್ಪಲ್ಲಾಂಜಾನಿ ಗಾಜಿನ ಕತ್ತನ್ನೇ ಕರಗಿಸಿ ಮುಚ್ಚಿ ಬಹಳ ಹೊತ್ತು ಕುದಿಸಿದಾಗ ಏನೂ ಹುಟ್ಟಲಿಲ್ಲ. ಅಷ್ಟು ಕುದಿಸಿದರೆ ಸಾರಿನೊಳಗಿನ ಜೀವೋತ್ಪಾದಕ ಶಕ್ತಿ ನಾಶವಾಗುತ್ತದೆ, ಒಳಗಿನ ಗಾಳಿಯೂ ಕೆಡುತ್ತದೆ ಎಂದು ನೀಡಮ್ ಉತ್ತರಿಸಿದ. ಗಮನಿಸಬೇಕಾದ ಸಂಗತಿಯೆಂದರೆ, ಇಬ್ಬರೂ ಕ್ಯಾಥೊಲಿಕ್ ಪಾದ್ರಿಗಳು. ಒಂದೇ ಶ್ರದ್ಧೆಯುಳ್ಳವರು ಈ ಪ್ರಶ್ನೆಯ ಎರಡು ಬದಿಗೆ ನಿಂತರು.

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಈ ವಾದಕ್ಕೆ ದೇವರ ಪ್ರಶ್ನೆ ನೇರವಾಗಿ ಅಂಟಿಕೊಂಡಿತು. ಜಡದಿಂದ ಜೀವ ತಾನೇ ಹುಟ್ಟುವುದಾದರೆ ಸೃಷ್ಟಿಕರ್ತ ಏತಕ್ಕೆ ಎಂದು ಹಲವರು ಕೇಳುತ್ತಿದ್ದರು. ಲೂಯಿ ಪಾಶ್ಚರ್ ಹಂಸದ ಕತ್ತಿನಂತೆ ಬಾಗಿದ ಕೊಳವೆಯುಳ್ಳ ಗಾಜಿನ ಪಾತ್ರೆಯಲ್ಲಿ ದ್ರವ ಕುದಿಸಿಟ್ಟರು. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಬಾಗಿನಲ್ಲೇ ನಿಲ್ಲುತ್ತಿತ್ತು, ದ್ರವ ಕೆಡಲಿಲ್ಲ. ಪಾತ್ರೆಯನ್ನು ಓರೆಮಾಡಿ ಆ ಧೂಳಿಗೆ ದ್ರವ ತಾಗಿಸಿದೊಡನೆ ಅದರಲ್ಲಿ ಜೀವಿಗಳು ಬೆಳೆಯತೊಡಗಿದವು. ಗಾಳಿ ಕೆಟ್ಟಿತೆಂಬ ಆಕ್ಷೇಪಕ್ಕೂ ಶಕ್ತಿ ನಾಶವಾಯಿತೆಂಬ ಆಕ್ಷೇಪಕ್ಕೂ ಇದೊಂದೇ ಉತ್ತರ ಸಾಕಾಯಿತು. ಇದಕ್ಕಾಗಿ 1862ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಅವರಿಗೆ ಬಹುಮಾನ ನೀಡಿತು.

ಎದುರಾಳಿ ಫೆಲಿಕ್ಸ್ ಪೂಶೆಯ ಪಾತ್ರೆಗಳಲ್ಲಿ ಮಾತ್ರ ಕುದಿಸಿದ ಮೇಲೂ ಜೀವಿಗಳು ಕಾಣುತ್ತಲೇ ಇದ್ದವು. ಪೂಶೆ ಸುಳ್ಳು ಹೇಳುತ್ತಿರಲಿಲ್ಲ. ಅವನು ಬಳಸಿದ್ದು ಒಣಹುಲ್ಲಿನ ಕಷಾಯ. ಹುಲ್ಲಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲವೆಂದು 1876ರಲ್ಲಿ ಫರ್ಡಿನಾಂಡ್ ಕೋನ್ ತೋರಿಸಿದಾಗ ಗುಟ್ಟು ಬಯಲಾಯಿತು. ವಿಜ್ಞಾನದಲ್ಲಿ ತೀರ್ಪು ಬಹುಮಾನದಿಂದ ಬರುವುದಿಲ್ಲ. ಎದುರಾಳಿಗೆ ಕಂಡದ್ದಕ್ಕೂ ಕಾರಣ ಕೊಟ್ಟಾಗಲೇ ಅದು ಪೂರ್ತಿಯಾಗುತ್ತದೆ.

ಇಷ್ಟೆಲ್ಲದರಿಂದ ದೇವರ ಪ್ರಶ್ನೆ ಇತ್ಯರ್ಥವಾಯಿತೆ? ಇಲ್ಲ. ಇಂದು ನಮಗೆ ಕಾಣುವ ಜೀವಿಗಳು ಜೀವಿಗಳಿಂದಲೇ ಹುಟ್ಟುತ್ತವೆಂದು ಪಾಶ್ಚರರ ಪಾತ್ರೆ ತೋರಿಸಿತೇ ಹೊರತು ಭೂಮಿಯ ಮೇಲಿನ ಮೊದಲ ಜೀವದ ಬಗ್ಗೆ ಏನನ್ನೂ ಹೇಳಲಿಲ್ಲ. 1924ರಲ್ಲಿ ವಿಜ್ಞಾನಿ ಒಪಾರಿನ್, 1929ರಲ್ಲಿ ಇನ್ನೊಬ್ಬ ವಿಜ್ಞಾನಿ ಹಾಲ್ಡೇನ್ ಆದಿಭೂಮಿಯ ರಾಸಾಯನಿಕಗಳಿಂದ ಜೀವ ಮೂಡಿರಬೇಕೆಂದು ವಾದಿಸಿದರು. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯಾ, ಜಲಜನಕ ಮತ್ತು ನೀರಾವಿಯ ಮಿಶ್ರಣದಲ್ಲಿ ವಿದ್ಯುತ್ ಕಿಡಿ ಹಾಯಿಸಿ ಅಮೈನೋ ಆಮ್ಲಗಳನ್ನು ಪಡೆದರು. ಜೀವ ದೊರೆಯಲಿಲ್ಲ, ಅದರ ಕೆಲವು ಘಟಕಗಳು ದೊರೆತವು. ಬರಿಯ ರಾಸಾಯನಿಕಗಳಿಂದ ಜೀವಕೋಶವೊಂದನ್ನು ಪೂರ್ತಿಯಾಗಿ ಕಟ್ಟಲು ಇಂದಿಗೂ ಸಾಧ್ಯವಾಗಿಲ್ಲ. ಆ ಕೊರತೆ ದೇವರಿದ್ದಾನೆ ಎಂಬುದಕ್ಕೆ ಪುರಾವೆಯಲ್ಲ. ನಾಳೆ ಅದು ತುಂಬಿದರೆ ದೇವರಿಲ್ಲ ಎಂಬುದಕ್ಕೂ ಪುರಾವೆಯಾಗದು.